ತಳಿ ನಾಯಿ ಮಾರುವಾಗಿನ ಕರಾರು: ಬ್ರೀಡಿಂಗ್ ಹಕ್ಕನ್ನು ಹೇಗೆ ಬರೆಯಬೇಕು

ತಳಿ ನಾಯಿಯ ವ್ಯವಹಾರದಲ್ಲಿ ಬೆಲೆಗಾಗಿ ಜಗಳ ಆಗುವುದು ಕಡಿಮೆ. ದುಡ್ಡು ಕೊಟ್ಟು ಮರಿ ಒಯ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಜಗಳ ಏಳುವುದು ಒಂದೆರಡು ವರ್ಷ ಕಳೆದ ಮೇಲೆ, ಮನೆಯಲ್ಲಿ ಸಾಕಲು ಎಂದು ಒಯ್ದ ಹೆಣ್ಣು ನಾಯಿ ಮರಿ ಹಾಕಿದೆ ಎಂದು ಯಾರೋ ಹೇಳಿದಾಗ. ಆಗ ಕರಾರು ತೆಗೆದು ನೋಡಿದರೆ "ಈ ನಾಯಿಯನ್ನು ಬ್ರೀಡಿಂಗ್‌ಗೆ ಬಳಸುವಂತಿಲ್ಲ" ಎಂಬ ಒಂದೇ ಸಾಲು ಇರುತ್ತದೆ. ಮರಿ ಆಗದಂತೆ ಮಾಡುವ ಆಪರೇಷನ್ ಯಾವಾಗಿನೊಳಗೆ ಆಗಬೇಕಿತ್ತು, ಆಗದಿದ್ದರೆ ಮುಂದೇನು, ಮಾಲೀಕರಿಗೆ ಗೊತ್ತಿಲ್ಲದೆ ಕ್ರಾಸ್ ಆಗಿದ್ದರೆ ಏನು, ನಾಯಿ ಈಗ ಕೊಂಡವರ ತಮ್ಮನ ಮನೆಯಲ್ಲಿದ್ದರೆ ಯಾರನ್ನು ಕೇಳಬೇಕು? ಆ ಒಂದು ಸಾಲಿನಲ್ಲಿ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಕರಾರು ಕಟ್ಟುವುದು ಸಹಿ ಹಾಕಿದವರನ್ನು ಮಾತ್ರ. ನಾಯಿ ಕೈ ಬದಲಾದರೆ ಷರತ್ತು ಅದರ ಜೊತೆ ತಾನಾಗಿ ಹೋಗುವುದಿಲ್ಲ. ಹಾಗಾಗಿ ಬ್ರೀಡಿಂಗ್ ಹಕ್ಕನ್ನು ಇಟ್ಟುಕೊಳ್ಳಬೇಕೆಂದರೆ ಮೊದಲು ನೋಡಬೇಕಾದ್ದು ನೋಂದಣಿಯನ್ನು, ಕರಾರನ್ನು ಆಮೇಲೆ. ತಳಿ ನಾಯಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ಬಿನಲ್ಲಿ ಲಿಮಿಟೆಡ್ ರಿಜಿಸ್ಟ್ರೇಷನ್ ಎಂಬ ವ್ಯವಸ್ಥೆ ಇದೆ. ನಾಯಿ ನೋಂದಣಿಯಾಗುತ್ತದೆ, ವಿಧೇಯತೆ, ಅಜಿಲಿಟಿಯಂಥ (ಅಡೆತಡೆ ದಾಟುವ ಓಟ) ಸ್ಪರ್ಧೆಗಳಿಗೂ ಹೋಗಬಹುದು. ಆದರೆ ತಳಿ ಲಕ್ಷಣ ಅಳೆಯುವ ಶೋಗೆ ಪ್ರವೇಶವಿಲ್ಲ, ಅದು ಹಾಕಿದ ಮರಿಗಳಿಗೆ ನೋಂದಣಿಯೂ ಇಲ್ಲ. ಇದನ್ನು ಪೂರ್ಣ ನೋಂದಣಿಗೆ ಬದಲಿಸಿಕೊಡುವ ಅಧಿಕಾರ ಆ ಸೂಲಿನ ಮಾಲೀಕರಾಗಿದ್ದ ಬ್ರೀಡರ್‌ಗೆ ಮಾತ್ರ. ಬ್ರಿಟನ್ನಿನ ಕೆನಲ್ ಕ್ಲಬ್ಬಿನಲ್ಲಿ ಇದೇ ಕೆಲಸವನ್ನು ನೋಂದಣಿಯ ಮೇಲೆ ಬರೆಸುವ ನಿರ್ಬಂಧವಾದ ಎಂಡಾರ್ಸ್‌ಮೆಂಟ್ ಮಾಡುತ್ತದೆ: ಒಂದು, ಮರಿಗಳ ನೋಂದಣಿ ಇಲ್ಲ ಎಂಬುದು, ಇನ್ನೊಂದು, ಹೊರದೇಶಕ್ಕೆ ಪೆಡಿಗ್ರಿ (ವಂಶಾವಳಿ ಪತ್ರ) ಕೊಡುವಂತಿಲ್ಲ ಎಂಬುದು. ಮರಿ ಬ್ರೀಡರ್ ಹೆಸರಲ್ಲಿ ಇರುವಾಗಲೇ ಇದನ್ನು ಹಾಕಿಸಿಡಬೇಕು.

ಇದರಲ್ಲಿ ಬಹಳ ಮಂದಿ ಎಡವುವುದು ಸಹಿಯ ತಾರೀಖಿನಲ್ಲಿ. ಬ್ರಿಟನ್ನಿನ ನಿಯಮದ ಪ್ರಕಾರ ಎಂಡಾರ್ಸ್‌ಮೆಂಟ್ ಇದೆ ಎಂದು ಕೊಳ್ಳುವವರು ಒಪ್ಪಿ, ತಾರೀಖು ಹಾಕಿ ಕೊಟ್ಟ ಸಹಿ ನಾಯಿ ಕೈಗೆ ಹೋಗುವ ದಿನ ಅಥವಾ ಅದಕ್ಕೂ ಮುಂಚಿನದಾಗಿರಬೇಕು. ಮರಿ ಮನೆಗೆ ಹೋದ ಮೇಲೆ ಅಂಚೆಯಲ್ಲೋ ವಾಟ್ಸಾಪ್‌ನಲ್ಲೋ ಕಾಗದ ಕಳಿಸಿ ಸಹಿ ತರಿಸಿಕೊಂಡರೆ, ಮುಂದೆ ಮಾಲೀಕರು ಆಕ್ಷೇಪ ಎತ್ತಿದಾಗ ಕ್ಲಬ್ ಆ ನಿರ್ಬಂಧವನ್ನೇ ತೆಗೆದುಹಾಕಬಹುದು. ಬೇರೆ ದೇಶದ ಬ್ರೀಡರ್‌ಗಳೂ ಇದನ್ನೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು. ಮುಂಗಡ ತೆಗೆದುಕೊಳ್ಳುವ ಮೊದಲೇ ಕರಾರಿನ ಪ್ರತಿ ಕಳಿಸಿ ಓದಿಸಿ. ದುಡ್ಡು ಕೊಟ್ಟಾದ ಮೇಲೆ ಮುಂದಿಟ್ಟ ಷರತ್ತು ಒಪ್ಪಂದದ ಭಾಗವೇ ಅಲ್ಲ ಎಂದು ವಾದಿಸುವುದು ವಕೀಲರಿಗೆ ಕಷ್ಟದ ಕೆಲಸವಲ್ಲ.

ನೋಂದಣಿಯ ಈ ನಿರ್ಬಂಧ ತಡೆಯುವುದು ನೋಂದಣಿ ಪೇಪರ್ ಇರುವ ಮರಿಗಳನ್ನು ಮಾತ್ರ. ಪೇಪರ್ ಇಲ್ಲದೆ ಮಾರುತ್ತೇನೆ ಎಂದು ಹೊರಟವರನ್ನು, ಅಥವಾ ಕೇಳಿದವರಿಗೆಲ್ಲ ಸರ್ಟಿಫಿಕೇಟ್ ಕೊಡುವ ಇನ್ಯಾವುದೋ ನೋಂದಣಿಗೆ ಹೋಗುವವರನ್ನು ಅದು ತಡೆಯಲಾರದು. ಹಾಗಾಗಿಯೇ ಸಾಕಲು ಕೊಡುವ ಮರಿಯ ಕರಾರಿನಲ್ಲಿ ಆಪರೇಷನ್ನಿನ ಕಲಂ ಬೇಕು. ಇದನ್ನು ಬರೆಯುವಾಗ ಆತುರ ಬೇಡ.

ಹಳೆಯ ಕರಾರುಗಳಲ್ಲಿ "ಆರು ತಿಂಗಳೊಳಗೆ" ಎಂದು ಬರೆದಿರುತ್ತಾರೆ. ದೊಡ್ಡ ತಳಿಗಳಿಗೆ ಇದು ತಪ್ಪು ಸಲಹೆ. ಅವುಗಳ ಮೂಳೆ ಬೆಳವಣಿಗೆ ಒಂದು ವರ್ಷ ದಾಟಿಯೂ ಮುಂದುವರಿಯುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್‌ನಂಥ ತಳಿಗಳಲ್ಲಿ ಬೇಗ ಆಪರೇಷನ್ ಮಾಡಿಸಿದರೆ ಕೀಲಿನ ತೊಂದರೆ ಹೆಚ್ಚುತ್ತದೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಅಧ್ಯಯನಗಳು ತೋರಿಸಿವೆ. ಪಶುವೈದ್ಯರು ಕಾಯಿರಿ ಎನ್ನುತ್ತಾರೆ, ಕರಾರು ಈಗಲೇ ಮಾಡಿಸಿ ಎನ್ನುತ್ತದೆ. ಹೀಗಿದ್ದಾಗ ಪ್ರಾಮಾಣಿಕರಾದವರೂ ಕರಾರು ಮುರಿಯುತ್ತಾರೆ, ತಪ್ಪು ಅವರದಲ್ಲ. ತಳಿ ನೋಡಿ ಅವಧಿ ಕೊಡಿ. ದೊಡ್ಡ ತಳಿಗೆ 12 ತಿಂಗಳ ನಂತರ, 24 ತಿಂಗಳೊಳಗೆ ಎಂದಿರಲಿ. ಚಿಕ್ಕ ತಳಿಗೆ ಇನ್ನೂ ಬೇಗ ಆಗಬಹುದು.

ಅವಧಿ ಉದ್ದವಾದರೆ ಹೆಣ್ಣು ನಾಯಿ ಅಷ್ಟರಲ್ಲಿ ಒಂದೆರಡು ಸಲ ಬೆದೆಗೆ ಬಂದೇ ಬರುತ್ತದೆ. ಆ ದಿನಗಳಲ್ಲಿ ಏನು ಮಾಡಬೇಕು ಎನ್ನುವುದು ಕರಾರಿಗೆ ಲಗತ್ತಾದ ಒಂದು ಹಾಳೆಯಲ್ಲಿ ಇರಬೇಕು. ರಕ್ತ ಕಾಣಿಸಿದ ಮೊದಲ ದಿನದಿಂದ ಕನಿಷ್ಠ ಮೂರು ವಾರ ಗಂಡು ನಾಯಿಯ ಹತ್ತಿರ ಬಿಡಬಾರದು, ಹಗ್ಗವಿಲ್ಲದೆ ಹೊರಗೆ ಬಿಡಬಾರದು. ಅಚಾತುರ್ಯ ನಡೆಯುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ: ರಕ್ತ ತಿಳಿಯಾಗಿ ಕಡಿಮೆಯಾದಾಗ "ಮುಗಿಯಿತು" ಎಂದುಕೊಂಡು ಮನೆಯವರು ಎಚ್ಚರ ಬಿಡುತ್ತಾರೆ, ಗಬ್ಬ ನಿಲ್ಲುವ ದಿನಗಳು ಸರಿಯಾಗಿ ಅವೇ. ಬೆದೆಯಲ್ಲಿದ್ದಾಗ ಆಪರೇಷನ್ ಮಾಡುವುದು ವೈದ್ಯರಿಗೂ ಇಷ್ಟವಿರುವುದಿಲ್ಲ. ಗಡುವು ಆ ಸಮಯಕ್ಕೆ ಬಿದ್ದರೆ ಬೆದೆ ಮುಗಿದ ಮೇಲೆ ಮೂರು ತಿಂಗಳವರೆಗೆ ಮುಂದೂಡಬಹುದು ಎಂದು ಸೇರಿಸಿ. ಅಕಸ್ಮಾತ್ ಕ್ರಾಸ್ ಆದರೆ 48 ಗಂಟೆಯೊಳಗೆ ಬ್ರೀಡರ್‌ಗೆ ತಿಳಿಸಿ ಪಶುವೈದ್ಯರ ಬಳಿ ಒಯ್ಯಬೇಕು ಎಂದೂ ಇರಲಿ. ಕೂಡಲೇ ಹೇಳಿದವರಿಗೆ ದಂಡವಿಲ್ಲ, ಮುಚ್ಚಿಟ್ಟವರಿಗೆ ಇದೆ ಎಂದು ಬರೆದರೆ ಜನ ಹೆದರದೆ ಹೇಳುತ್ತಾರೆ.

ಆಪರೇಷನ್ನಿನ ಹೆಸರು ಹಾಕುವ ಬದಲು ಫಲಿತಾಂಶ ಬರೆಯುವುದು ಒಳ್ಳೆಯದು. ವಾಸೆಕ್ಟಮಿ, ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆ ಇವೆಲ್ಲ ಈಗ ಇವೆ. ಮರಿ ಆಗದಂತೆ ಮಾಡುವುದೇ ಉದ್ದೇಶವಾದರೆ ಇವೂ ಸಾಕು. ಕೆಲವು ತಿಂಗಳಷ್ಟೇ ಕೆಲಸ ಮಾಡುವ ಹಾರ್ಮೋನ್ ಇಂಪ್ಲಾಂಟ್ ಸಾಲದು. ನಾವು ಕರಾರು ಬರೆಯುವಾಗ ಬಳಸುವ ವಾಕ್ಯ ಇದು: "ನಾಯಿಗೆ 24 ತಿಂಗಳು ತುಂಬುವುದರೊಳಗೆ ಶಾಶ್ವತ ಸಂತಾನನಿರೋಧಕ ಶಸ್ತ್ರಚಿಕಿತ್ಸೆ ಮಾಡಿಸಿ, ಮೈಕ್ರೋಚಿಪ್ ಸಂಖ್ಯೆ ನಮೂದಿಸಿದ ಪಶುವೈದ್ಯರ ಪ್ರಮಾಣಪತ್ರವನ್ನು 30 ದಿನಗಳಲ್ಲಿ ಮಾರಿದವರಿಗೆ ಕಳಿಸತಕ್ಕದ್ದು. ಆರೋಗ್ಯದ ಕಾರಣಕ್ಕೆ ಮುಂದೂಡಬೇಕಾದರೆ ಪಶುವೈದ್ಯರ ಲಿಖಿತ ಅಭಿಪ್ರಾಯ ಕಳಿಸತಕ್ಕದ್ದು." ನಾಯಿಯ ಚರ್ಮದಡಿ ಇರುವ ಗುರುತಿನ ಚಿಪ್‌ನ ಸಂಖ್ಯೆ ಇಲ್ಲದ ಸರ್ಟಿಫಿಕೇಟು ಯಾವ ನಾಯಿಯದು ಬೇಕಾದರೂ ಆಗಿರಬಹುದು.

ಇನ್ನು ಬ್ರೀಡಿಂಗ್‌ಗೆಂದೇ ಕೊಡುವ ಮರಿಯ ಮಾತು. ಎಂಟು ವಾರದ ಮರಿಯನ್ನು "ಬ್ರೀಡಿಂಗ್ ಕ್ವಾಲಿಟಿ" ಎಂದು ಕರಾರಿನಲ್ಲಿ ಬರೆಯಬೇಡಿ. ಆ ವಯಸ್ಸಿಗೆ ಅದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಗಂಡು ಮರಿಯ ಎರಡೂ ವೃಷಣ ಸಾಮಾನ್ಯವಾಗಿ ಎಂಟು ವಾರದೊಳಗೆ ಇಳಿದಿರುತ್ತವೆ, ಕೆಲವಕ್ಕೆ ತಡವಾಗುತ್ತದೆ, ಆರು ತಿಂಗಳಾದರೂ ಇಳಿಯದಿದ್ದರೆ ಮಾತ್ರ ದೋಷ ಎಂದು ತೀರ್ಮಾನಿಸುತ್ತಾರೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಬೈಟ್ (ಮೇಲಿನ, ಕೆಳಗಿನ ಹಲ್ಲು ಕೂಡುವ ರೀತಿ) ಬದಲಾಗಬಹುದು. ನಾಯಿಗಳ ಮೂಳೆ, ಕೀಲಿನ ಆರೋಗ್ಯ ಅಳೆಯುವ ಅಮೆರಿಕದ ಓಎಫ್‌ಎ ಸಂಸ್ಥೆ ಸೊಂಟದ ಕೀಲಿಗೆ ಅಂತಿಮ ಶ್ರೇಣಿ ಕೊಡುವುದು 24 ತಿಂಗಳು ತುಂಬಿದ ಮೇಲೆ. ಆದ್ದರಿಂದ "ಬ್ರೀಡಿಂಗ್ ಸಾಧ್ಯತೆಯುಳ್ಳ ಮರಿ" ಎಂದು ಬರೆದು, ಪೂರ್ಣ ಹಕ್ಕು ಯಾವ ಪರೀಕ್ಷೆಗಳು ಪಾಸಾದ ಮೇಲೆ ಸಿಗುತ್ತದೆ ಎಂದು ಕೆಳಗೆ ಬರೆಯಿರಿ: ಸೊಂಟ ಮತ್ತು ಮೊಣಕೈ ಎಕ್ಸ್‌ರೇ, ಕಣ್ಣಿನ ತಜ್ಞರ ತಪಾಸಣೆ, ಹೃದಯ, ತಳಿಗೆ ಸಂಬಂಧಿಸಿದ ಡಿಎನ್‌ಎ ಪರೀಕ್ಷೆಗಳು. ಪ್ರತಿಯೊಂದರ ಮುಂದೆ ಕನಿಷ್ಠ ಶ್ರೇಣಿ, ಯಾವ ಸಂಸ್ಥೆಯ ವರದಿ, ಯಾರ ಖರ್ಚು ಎಂಬುದು ಇರಬೇಕು. "ಆರೋಗ್ಯವಾಗಿದ್ದರೆ" ಎಂದರೆ ಯಾರ ಕಣ್ಣಿಗೆ ಆರೋಗ್ಯ? ಡಿಎನ್‌ಎಯಲ್ಲಿ ಒಂದು ವಿಷಯ ಬಿಡಿಸಿ ಬರೆಯಿರಿ. ವಂಶವಾಹಿಯ ಒಂದೇ ದೋಷಪ್ರತಿ ಇರುವ ನಾಯಿ, ಅಂದರೆ ಕ್ಯಾರಿಯರ್, ಎರಡೂ ಪ್ರತಿ ದೋಷವಿದ್ದರಷ್ಟೇ ಬರುವ (ರಿಸೆಸಿವ್) ರೋಗಗಳಲ್ಲಿ ಸಾಮಾನ್ಯವಾಗಿ ತಾನು ಕಾಯಿಲೆ ಬೀಳುವುದಿಲ್ಲ. ದೋಷವಿಲ್ಲದ (ಕ್ಲಿಯರ್) ನಾಯಿಯ ಜೊತೆ ಕ್ರಾಸ್ ಮಾಡಿಸಿದರೆ ಆ ರೋಗ ಬರುವ ಮರಿ ಹುಟ್ಟುವುದಿಲ್ಲ. ಕ್ಯಾರಿಯರ್‌ಗಳನ್ನೆಲ್ಲ ಹೊರಗಿಟ್ಟರೆ ತಳಿಯೇ ಇನ್ನಷ್ಟು ಕಿರಿದಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಷರತ್ತು "ಕ್ಲಿಯರ್ ಜೊತೆ ಮಾತ್ರ" ಎಂದಿದ್ದರೆ ಸಾಕು.

ಈಗ ಜಂಟಿ ಮಾಲೀಕತ್ವ. ಒಳ್ಳೆಯ ಹೆಣ್ಣು ಮರಿಯನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಾಗದೆ ಬ್ರೀಡರ್ ತನ್ನ ಹೆಸರನ್ನೂ ನೋಂದಣಿಯಲ್ಲಿ ಇಟ್ಟುಕೊಳ್ಳುತ್ತಾರೆ. ನಾಯಿ ಕೊಂಡವರ ಮನೆಯಲ್ಲಿ ಬೆಳೆಯುತ್ತದೆ, ಬೆಲೆಯೂ ಕಡಿಮೆ ಇರುತ್ತದೆ. ಮಾಲೀಕತ್ವ ವರ್ಗಾಯಿಸಲು ಇಬ್ಬರ ಸಹಿಯೂ ಬೇಕಾಗುವುದರಿಂದ ಹಕ್ಕು ಕಾಪಾಡಲು ಇದು ಗಟ್ಟಿ ದಾರಿ. ಸ್ನೇಹ ಮುರಿಯುವುದರಲ್ಲೂ ಇದೇ ಮುಂದು. ಕಾರಣ, ಇಬ್ಬರೂ ಲಾಭದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಸಹಿ ಹಾಕುತ್ತಾರೆ, ಖರ್ಚಿನ ದಿನವನ್ನಲ್ಲ. ಗಬ್ಬದ ಅವಧಿ ಸುಮಾರು 63 ದಿನ. ಅದರ ಮೊದಲೇ ಕ್ರಾಸ್‌ಗೆ ಸರಿಯಾದ ದಿನ ತಿಳಿಯಲು ಪ್ರೊಜೆಸ್ಟರಾನ್ ಪರೀಕ್ಷೆಗಳು, ಸ್ಟಡ್ (ಗಂಡು ನಾಯಿ) ಮಾಲೀಕರಿಗೆ ಕೊಡುವ ಫೀ, ಪ್ರಯಾಣ. ನಂತರ ಸ್ಕ್ಯಾನ್, ಎಕ್ಸ್‌ರೇ. ಕೊನೆಗೆ ನಡುರಾತ್ರಿ ಸಿಸೇರಿಯನ್ ಬೇಕಾದರೆ ಒಪ್ಪಿಗೆ ಕೊಡುವವರು ಯಾರು, ಬಿಲ್ ಕಟ್ಟುವವರು ಯಾರು? ತಾಯಿಯನ್ನೋ ಮರಿಗಳನ್ನೋ ಉಳಿಸಬೇಕಾದ ಸಂದರ್ಭ ಬಂದರೆ ಯಾರ ಮಾತು ನಡೆಯುತ್ತದೆ? ನಾಯಿ ಯಾರ ಮನೆಯಲ್ಲಿ ಇದೆಯೋ ಅವರೇ ತುರ್ತು ನಿರ್ಧಾರ ಮಾಡಬೇಕು, ತಾಯಿಯ ಜೀವಕ್ಕೆ ಮೊದಲ ಸ್ಥಾನ ಎಂದು ಕರಾರಿನಲ್ಲೇ ಇರಲಿ. ವೈದ್ಯರ ಮುಂದೆ ನಿಂತು ಇನ್ನೊಬ್ಬರ ಫೋನಿಗೆ ಕಾಯುವಷ್ಟು ಹೊತ್ತು ಆ ಪ್ರಾಣಿಗೆ ಇರುವುದಿಲ್ಲ.

ಜಂಟಿ ಕರಾರಿಗೆ ಕೊನೆ ಬೇಕು. ಎಷ್ಟು ಸೂಲು, ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ, ಅದಾದ ಎಷ್ಟು ದಿನದಲ್ಲಿ ಬ್ರೀಡರ್ ತನ್ನ ಹೆಸರು ತೆಗೆಸಿಕೊಳ್ಳಬೇಕು ಎಂದು ಬರೆಯಿರಿ. ಆರೋಗ್ಯ ಪರೀಕ್ಷೆಯಲ್ಲಿ ನಾಯಿ ಫೇಲ್ ಆದರೆ ಬ್ರೀಡಿಂಗ್ ಹಕ್ಕು ಅಲ್ಲಿಗೇ ರದ್ದಾಗಿ ನಾಯಿ ಪೂರ್ತಿ ಮನೆಯವರದಾಗಬೇಕು. ಹಾಗೆ ಬರೆಯದಿದ್ದರೆ ಸೊಂಟದ ತೊಂದರೆ ಇರುವ ನಾಯಿಯಿಂದಲೂ "ಕರಾರಿನಲ್ಲಿ ಇದೆ" ಎಂದು ಮರಿ ಹಾಕಿಸುವ ಒತ್ತಡ ಬರುತ್ತದೆ, ಇದನ್ನು ಯಾವ ಬ್ರೀಡರೂ ಒಪ್ಪಬಾರದು. ನೋಂದಣಿಯ ಮಿತಿಗಳನ್ನೂ ನೋಡಿಕೊಳ್ಳಿ. ಬ್ರಿಟನ್ನಿನ ಕೆನಲ್ ಕ್ಲಬ್ ಒಂದು ಹೆಣ್ಣು ನಾಯಿಯ ನಾಲ್ಕಕ್ಕಿಂತ ಹೆಚ್ಚು ಸೂಲುಗಳನ್ನು ಸಾಮಾನ್ಯವಾಗಿ ನೋಂದಾಯಿಸುವುದಿಲ್ಲ. ನಾಯಿ ಯಾರನ್ನಾದರೂ ಕಚ್ಚಿದರೆ ಕಾನೂನು ಇಬ್ಬರು ಮಾಲೀಕರನ್ನೂ ಹೊಣೆ ಮಾಡಬಹುದು, ಆದ್ದರಿಂದ ವಿಮೆಯಲ್ಲಿ ಇಬ್ಬರ ಹೆಸರೂ ಇರಲಿ.

ಒಂದೇ ಸೂಲು ಬೇಕಿದ್ದರೆ ಮಾಲೀಕತ್ವವನ್ನು ಹಂಚಿಕೊಳ್ಳುವ ಅಗತ್ಯವೂ ಇಲ್ಲ. ಎಫ್‌ಸಿಐ (ಕೆನಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮಗಳಲ್ಲಿ ಹೆಣ್ಣು ನಾಯಿಯ ಬ್ರೀಡಿಂಗ್ ಹಕ್ಕನ್ನಷ್ಟೇ ಬರವಣಿಗೆಯಲ್ಲಿ ವರ್ಗಾಯಿಸಿಕೊಳ್ಳುವ ದಾರಿ ಇದೆ, ಹಕ್ಕು ಪಡೆದವರೇ ಆ ಸೂಲಿನ ಬ್ರೀಡರ್ ಎನಿಸುತ್ತಾರೆ. ಕಾಗದ ಮೇಟಿಂಗ್‌ಗೆ ಮುಂಚೆಯೇ ಆಗಬೇಕು.

ಬೆಲೆಯ ಬದಲು ಮರಿ ವಾಪಸ್ ಕೊಡುವ ಕರಾರಾದರೆ "ಒಂದು ಮರಿ" ಎಂದಷ್ಟೇ ಬರೆದು ಬಿಡಬೇಡಿ. ಗಂಡೋ ಹೆಣ್ಣೋ, ಆಯ್ಕೆ ಮೊದಲು ಯಾರದು, ಸ್ಟಡ್ ಮಾಲೀಕರಿಗೂ ಮರಿ ಕೊಡಬೇಕಿದ್ದರೆ ಅವರ ಸರದಿ ಮುಂಚೆಯೋ ಆಮೇಲೋ, ಎಷ್ಟನೇ ವಾರದಲ್ಲಿ ಆರಿಸಬೇಕು, ಎಷ್ಟು ದಿನದೊಳಗೆ ಒಯ್ಯಬೇಕು? ಹುಟ್ಟಿದ್ದೇ ಒಂದು ಮರಿಯಾದರೆ ಅದು ಯಾರದು? ಕೇಳಿದ ಲಿಂಗದ ಮರಿ ಆ ಸೂಲಿನಲ್ಲಿ ಇಲ್ಲದಿದ್ದರೆ ಮುಂದಿನ ಸೂಲಿಗೆ ಹೋಗುತ್ತದೋ ಇಲ್ಲವೋ? ಗಬ್ಬ ನಿಲ್ಲದಿದ್ದರೆ, ತಾಯಿ ಸತ್ತರೆ ಆ ಸಾಲ ತೀರಿತು ಎಂದೇ ಬರೆಯುವುದು ಮಾನವೀಯ. ನಾಯಿ ಕಳೆದುಕೊಂಡ ಮನೆಯವರ ಹತ್ತಿರ ಮರಿಯ ಬೆಲೆ ಕೇಳಲು ಹೋಗಬಾರದು.

ಷರತ್ತು ಮುರಿದರೆ ಏನು ಎಂಬ ಕಲಂನಲ್ಲಿ ದೊಡ್ಡ ಮೊತ್ತ ಬರೆದು ಹೆದರಿಸುವ ರೂಢಿ ಇದೆ. ಬಹಳ ದೇಶಗಳ ಕೋರ್ಟುಗಳು ನಷ್ಟಕ್ಕೆ ಹೊಂದದ ದಂಡವನ್ನು ಕಡಿಮೆ ಮಾಡುತ್ತವೆ, ಇಲ್ಲವೇ ಪೂರ್ತಿ ತಳ್ಳಿಹಾಕುತ್ತವೆ. ಸಾಕಲು ಕೊಟ್ಟ ಬೆಲೆಗೂ ಪೂರ್ಣ ಹಕ್ಕಿನ ಬೆಲೆಗೂ ಇರುವ ವ್ಯತ್ಯಾಸ, ಅದರ ಮೇಲೆ ನೋಂದಣಿ ಇಲ್ಲದೆ ಮಾರಿದ ಪ್ರತಿ ಮರಿಗೆ ಇಂತಿಷ್ಟು, ಹೀಗೆ ಲೆಕ್ಕದ ಆಧಾರ ಕರಾರಿನಲ್ಲೇ ಕಂಡರೆ ಉಳಿಯುವ ಸಾಧ್ಯತೆ ಹೆಚ್ಚು. "ಷರತ್ತು ಮುರಿದರೆ ನಾಯಿಯನ್ನು ಎತ್ತಿಕೊಂಡು ಬರುತ್ತೇವೆ" ಎಂಬುದನ್ನು ನಂಬಿ ಕೂರಬೇಡಿ. ಮನೆಗೆ ನುಗ್ಗಿ ನಾಯಿ ತಂದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ. ಇದಕ್ಕಿಂತ ಕೆಲಸಕ್ಕೆ ಬರುವ ಕಲಂ ಮೊದಲ ಹಕ್ಕಿನದು: ನಾಯಿಯನ್ನು ಯಾರಿಗೇ ಕೊಡುವ ಮುನ್ನ ಬ್ರೀಡರ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು, ಬ್ರೀಡರ್ 10 ದಿನದೊಳಗೆ ಉತ್ತರಿಸಬೇಕು, ಬೇಡವೆಂದರೆ ಹೊಸ ಮಾಲೀಕರು ಇದೇ ಷರತ್ತುಗಳಿಗೆ ಸಹಿ ಹಾಕಿದ ಮೇಲೆಯೇ ನಾಯಿ ಕೊಡಬೇಕು. ವಾಪಸ್ ಬರುವ ನಾಯಿಯ ಸಾಗಣೆ ಖರ್ಚು ಯಾರದು ಎಂದು ಸೇರಿಸದಿದ್ದರೆ ಇಡೀ ಕಲಂ ಅಲ್ಲೇ ನಿಂತುಹೋಗುತ್ತದೆ.

ಸಾಕ್ಷ್ಯಕ್ಕೆ ಮರಿ ಮನೆ ಬಿಡುವ ಮೊದಲೇ ತಯಾರಿ ಬೇಕು. ಕೆನ್ನೆಯ ಒಳಭಾಗದ ಸ್ವಾಬ್ ತೆಗೆದು ಡಿಎನ್‌ಎ ಪ್ರೊಫೈಲ್ ಮಾಡಿಸಿಟ್ಟರೆ, ಮುಂದೆ ಯಾವುದೋ ಮರಿ ನಿಮ್ಮ ನಾಯಿಯದೋ ಅಲ್ಲವೋ ಎಂಬುದು ಮಾತಿನ ವಿಷಯವಾಗಿ ಉಳಿಯುವುದಿಲ್ಲ. ಹಸ್ತಾಂತರದ ದಿನ ಕೊಳ್ಳುವವರ ಎದುರಿಗೇ ಸ್ಕ್ಯಾನರ್ ಹಿಡಿದು ಚಿಪ್ಪಿನ 15 ಅಂಕಿಗಳನ್ನು ಗಟ್ಟಿಯಾಗಿ ಓದಿ. ಕರಾರು, ಲಸಿಕೆ ಪುಸ್ತಕ, ನೋಂದಣಿ ಅರ್ಜಿ ಮೂರರಲ್ಲೂ ಅವರೇ ಬೆರಳಿಟ್ಟು ಹೊಂದಿಸಿ ನೋಡಲಿ. ಒಂದು ಅಂಕಿ ಅದಲುಬದಲಾಗಿದ್ದರೂ ಆಮೇಲೆ ಇಡೀ ಕಾಗದ ಬೇರೆ ನಾಯಿಯದಾಗುತ್ತದೆ. ಬ್ರೀಡಿಂಗ್ ನಿರ್ಬಂಧದ ಕಲಂ ಪಕ್ಕದಲ್ಲಿ ಪ್ರತ್ಯೇಕ ಸಹಿ ಹಾಕಿಸಿ. ಮನೆಯಲ್ಲಿ ಇಬ್ಬರಿದ್ದರೆ ಇಬ್ಬರದೂ ಬೇಕು, ಸಂಸಾರ ಬೇರೆಯಾದಾಗ ನಾಯಿ ಸಹಿ ಹಾಕದವರ ಜೊತೆ ಹೋಗಿಬಿಡಬಹುದು.

ಬೆಳೆದ ಗಂಡು ನಾಯಿಯನ್ನು ಮಾರುವಾಗ ಇನ್ನೊಂದು ವಿಷಯ ಬರುತ್ತದೆ, ಹೆಚ್ಚಿನ ಕರಾರುಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಅದರ ವೀರ್ಯವನ್ನು ಹಿಂದೆಯೇ ಶೇಖರಿಸಿ ದ್ರವ ಸಾರಜನಕದಲ್ಲಿ ಇಟ್ಟಿದ್ದರೆ ಅದು ನಾಯಿಯ ಜೊತೆ ಹೋಯಿತೋ, ಹಳೆಯ ಮಾಲೀಕರಲ್ಲೇ ಉಳಿಯಿತೋ? ನಾಯಿ ಸತ್ತ ಮೇಲೂ ಬಹಳ ವರ್ಷ ಅದರಿಂದ ಮರಿ ಪಡೆಯಬಹುದು. ಯಾವ ವೀರ್ಯ ಬ್ಯಾಂಕಿನಲ್ಲಿ, ಯಾವ ಸಂಖ್ಯೆಯಡಿ, ಎಷ್ಟು ಸ್ಟ್ರಾ (ವೀರ್ಯ ತುಂಬಿದ ಸಣ್ಣ ಕೊಳವೆ) ಇವೆ, ಇಂದಿನಿಂದ ಅವು ಯಾರವು, ಸಂಗ್ರಹದ ವಾರ್ಷಿಕ ಶುಲ್ಕ ಕಟ್ಟುವವರು ಯಾರು, ಮಾರಾಟವಾದ ಮೇಲೆ ಹೊಸದಾಗಿ ಶೇಖರಿಸಲು ಯಾರ ಒಪ್ಪಿಗೆ ಬೇಕು ಎಂಬುದನ್ನೆಲ್ಲ ಬರೆದು, ಅದರ ಒಂದು ಪ್ರತಿಯನ್ನು ಅದೇ ದಿನ ಬ್ಯಾಂಕಿಗೂ ಕಳಿಸಬೇಕು. ಬ್ಯಾಂಕಿನವರು ಸ್ಟ್ರಾ ಬಿಡುಗಡೆ ಮಾಡುವುದು ತಮ್ಮ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ, ನಿಮ್ಮ ಕಪಾಟಿನಲ್ಲಿರುವ ಕರಾರನ್ನು ಅವರು ನೋಡಿರುವುದಿಲ್ಲ.