ಅಪ್ಪ ಮಾತಾಡಿದರು

14 ಅಕ್ಟೋಬರ್ 2025, ಮಂಗಳವಾರ. ರಾತ್ರಿ 11

ಇವತ್ತು ಅಪ್ಪ ಮಾತಾಡಿದರು. ಒಂದಕ್ಷರವೂ ತೊದಲಲಿಲ್ಲ. ಆಡಿದ್ದು ಮಾತ್ರ "ಥೂ ಬೋಳಿಮಗನೇ" ಅಂತ.

ಫಿಸಿಯೋಥೆರಪಿ ಹುಡುಗ ಬಲಗೈ ಎತ್ತಿಸುತ್ತಿದ್ದ. ಭುಜ ಸ್ವಲ್ಪ ಜಾಸ್ತಿ ಹಿಂದಕ್ಕೆ ಹೋಯಿತು ಅನಿಸುತ್ತೆ. ಸ್ಟ್ರೋಕ್ ಆಗಿ ಏಳು ವಾರ ಆಯಿತು. ನೀರು ಅನ್ನೋಕೆ "ನ... ನ..." ಅಂತ ಒದ್ದಾಡಿ ಕೊನೆಗೆ ಲೋಟದ ಕಡೆ ಕೈ ತೋರಿಸುವ ಮನುಷ್ಯ, ನನ್ನ ಹೆಸರು ಹೇಳಲು ಹೋಗಿ ಅಣ್ಣನ ಅರ್ಧ ಹೆಸರು ಹೇಳಿ ಕಣ್ಣು ತುಂಬಿಕೊಳ್ಳುವ ಮನುಷ್ಯ, ಒಂದೇ ಉಸಿರಿಗೆ ಬೈದುಬಿಟ್ಟರು. ದನಿ ಹಳೇದೇ. ಗೇಟಿನಿಂದಲೇ ನಮ್ಮನ್ನು ಕೂಗುತ್ತಿದ್ದರಲ್ಲ, ಆ ದನಿ.

ಹುಡುಗ ಜೋರಾಗಿ ನಕ್ಕ. "ಅಂಕಲ್ ಸೂಪರ್! ಇನ್ನೊಂದ್ಸಲ ಹೇಳಿ ನೋಡೋಣ" ಅಂದ. ಅಪ್ಪನಿಗೂ ಖುಷಿ. ಹೇಳಲು ಹೋದರು. "ಬ... ಬ..." ಅಷ್ಟೇ. ತುಟಿ ಒಂದು ಕಡೆ ಎಳೆದುಕೊಂಡಿತು, ಹಣೆ ಬೆವರಿತು, ಬರಲಿಲ್ಲ. ಬೇಡ ಬಿಡಿ ಅಪ್ಪ ಅಂದೆ. ಬಾಗಿಲ ಹತ್ತಿರ ನಿಂತಿದ್ದ ಅಮ್ಮ ಯಾವಾಗ ಒಳಗೆ ಹೋದರೋ ನೋಡಲಿಲ್ಲ.

ಸ್ಪೀಚ್ ಥೆರಪಿ ಮೇಡಂಗೆ ಫೋನ್ ಮಾಡಿದೆ. ಅವರಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. ಯೋಚಿಸಿ, ಪದ ಹುಡುಕಿ ಆಡುವ ಮಾತಿಗೆ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗ ಬೇಕು. ಅಪ್ಪನಿಗೆ ಪೆಟ್ಟು ಬಿದ್ದಿರುವುದು ಅಲ್ಲೇ. ಆದರೆ ಬೈಗುಳ, ಒಂದು ಎರಡು ಮೂರು ಅಂತ ಎಣಿಸುವುದು, ಬಾಯಿಪಾಠ ಆದ ಹಾಡು, ಇವೆಲ್ಲ ತಾವಾಗಿಯೇ ಬರುವ ಮಾತು. ಇವಕ್ಕೆ ಬಲಭಾಗವೂ, ಸಿಟ್ಟು ಭಯ ಹುಟ್ಟುವ ಒಳಗಿನ ಭಾಗಗಳೂ ಸೇರಿಕೊಳ್ಳುತ್ತವಂತೆ. ಅದಕ್ಕೇ ನೋವಾದಾಗ ಬರುತ್ತೆ, ಹೇಳಿ ಅಂದಾಗ ಬರಲ್ಲ. ಆಮೇಲೆ ನಾನೇ ಹುಡುಕಿ ಓದಿದೆ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿ ಏನು ಕೇಳಿದರೂ "ಟಾನ್" ಅನ್ನುತ್ತಿದ್ದನಂತೆ. ತುಂಬಾ ಸಿಟ್ಟು ಬಂದರೆ ಮಾತ್ರ ದೇವರ ಹೆಸರು ಹಿಡಿದು ಒಂದು ಬೈಗುಳ ಬರುತ್ತಿತ್ತು. ಇಡೀ ಭಾಷೆ ಹೋಗಿ ಅದೊಂದು ಉಳಿದಿತ್ತು.

ಅಪ್ಪನ ವಿಚಾರದಲ್ಲಿ ನನಗೆ ತಲೆ ಕೆಡುವುದು ಬೇರೆ. ಅವರು ಬೈದದ್ದನ್ನೇ ನಾನು ಕೇಳಿಲ್ಲ. ಜಾಸ್ತಿ ಅಂದರೆ "ದರಿದ್ರ". ಅಣ್ಣ ಹೈಸ್ಕೂಲಲ್ಲಿದ್ದಾಗ ಯಾರಿಗೋ "ಲೋಫರ್" ಅಂದಿದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಹಾಗಿದ್ದರೆ ಈ ಪದ ಇಷ್ಟು ವರ್ಷ ಎಲ್ಲಿತ್ತು? ದಿನಾ ನಾಲಿಗೆ ತುದಿಗೆ ಬಂದು ವಾಪಸ್ ಹೋಗುತ್ತಿತ್ತಾ?

ನನ್ನ ಕಥೆ ಕೇಳುವುದೇ ಬೇಡ. ಆಫೀಸ್ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ದಿನಕ್ಕೆ ಎಷ್ಟು ಸಲ ಆ ಎಫ್ ಪದ ಅಂತೀನೋ ಲೆಕ್ಕ ಇಲ್ಲ. ಸರ್ವರ್ ನಿಂತರೂ ಅದೇ, ಪೆನ್ ಬಿದ್ದರೂ ಅದೇ. ಅದಕ್ಕೆ ನೇರ ಕನ್ನಡ ಪದ ಹಾಕಿ ಅನ್ನು ಅಂದರೆ ಮಾತ್ರ ಬಾಯಿ ಕಟ್ಟುತ್ತೆ. ಟರ್ಕಿಶ್, ಇಂಗ್ಲಿಷ್ ಎರಡೂ ಬರುವ ಟರ್ಕಿ ಜನರ ಮೇಲೆ ಮಾಡಿದ ಒಂದು ಅಧ್ಯಯನ 2003ರಲ್ಲಿ ಬಂದಿತ್ತು. ಚಿಕ್ಕಂದಿನಲ್ಲಿ ಗದರಿಸುವ ಮಾತುಗಳನ್ನು ಮಾತೃಭಾಷೆಯಲ್ಲಿ ಕೇಳಿದಾಗ ಚರ್ಮದ ಸಣ್ಣ ಬೆವರು ಇಂಗ್ಲಿಷಲ್ಲಿ ಕೇಳಿದ್ದಕ್ಕಿಂತ ಜಾಸ್ತಿ. "ನಾಚಿಕೆ ಆಗಲ್ವಾ ನಿನಗೆ" ಅನ್ನೋ ಥರದ ಮಾತುಗಳವು. ಅದನ್ನು ಅಮ್ಮ ಅಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತೆ. ಮ್ಯಾನೇಜರ್ ಇಂಗ್ಲಿಷಲ್ಲಿ ಏನಂದರೂ ಏನೂ ಆಗಲ್ಲ.

ಸಂಜೆ ಅಮ್ಮ ಬಟ್ಟೆ ಮಡಚುತ್ತಾ ಕೂತಿದ್ದರು. ಹೊರಗಿನ ಹುಡುಗನ ಮುಂದೆ ಮರ್ಯಾದೆ ಹೋಯಿತು ಅಂತ ಬೇಜಾರಾಗಿರಬೇಕು ಅಂದುಕೊಂಡು ಮೆದುಳು, ಎಡ, ಬಲ ಎಲ್ಲಾ ಶುರು ಮಾಡಿದೆ. ಐಸ್ ನೀರಲ್ಲಿ ಕೈ ಇಟ್ಟುಕೊಂಡವರು ಬೈದಾಗ, ಬೈಯದಿದ್ದಾಗಿನದಕ್ಕಿಂತ ಜಾಸ್ತಿ ಹೊತ್ತು ನೋವು ತಡೆದುಕೊಂಡರಂತೆ, 2009ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ನೋಡಿದಾರೆ, ಅಪ್ಪನಿಗೂ ಒಳ್ಳೇದೇ ಅಮ್ಮ ಅಂದೆ. ಬುದ್ಧಿವಂತಳ ಥರ.

ಅಮ್ಮ ಅಪ್ಪನ ಶರ್ಟಿನ ಗುಂಡಿ ಹಾಕುತ್ತಾ ಕೇಳಿದರು. "ಬೋಳಿ ಅಂದ್ರೆ ಏನು ಗೊತ್ತೇನೇ?"

ಗೊತ್ತು. ಗೊತ್ತಿದ್ದೂ ಇಷ್ಟು ಹೊತ್ತು ಹೊಳೆದಿರಲಿಲ್ಲ. ತಲೆ ಬೋಳಿಸಿದ ವಿಧವೆ. ಮುಂಡೇದೇ ಅಂದರೂ ಅದೇ. ಬೈಸಿಕೊಳ್ಳುವವನು ಗಂಡಸು, ಏಟು ಅವನ ಅಮ್ಮನಿಗೆ.

"ಅವರು ಮಲಗಿದ ಕಡೆಯಿಂದ ಅದನ್ನ ಕೂಗ್ತಾರೆ. ನೀನು ಒಳ್ಳೇದು ಅಂತೀಯ."

ಅಷ್ಟೇ ಅಂದಿದ್ದು. ಆಮೇಲೆ ಟವೆಲ್ ಮಡಚಿದರು. ನಾನು ಸುಮ್ನೆ ಕೂತೆ. ಅಳು ಬರುವ ಹಾಗಾಯಿತು. ಅದರ ಬೆನ್ನಿಗೇ ಯಾಕೋ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆಗಲೂ ಮನಸ್ಸಲ್ಲಿ ಬಂದಿದ್ದು ಆ ಇಂಗ್ಲಿಷ್ ಪದವೇ.

ಅಣ್ಣನಿಗೆ ಇದನ್ನೆಲ್ಲ ಮೆಸೇಜ್ ಮಾಡಿದೆ. ಬಿದ್ದು ಬಿದ್ದು ನಗುವ ಎಮೋಜಿ ನಾಲ್ಕು ಕಳಿಸಿದ. ಅಮ್ಮ ಅಂದಿದ್ದನ್ನು ಆಮೇಲೆ ಬರೆದೆ. ಓದಿದಾನೆ, ಉತ್ತರ ಇಲ್ಲ.

ನಾಳೆ 10 ಗಂಟೆಗೆ ಆ ಹುಡುಗ ಮತ್ತೆ ಬರುತ್ತಾನೆ. ಭುಜ ಮೆಲ್ಲಗೆ ಎತ್ತಪ್ಪ ಅಂತ ಹೇಳಬೇಕು. ಹೇಳ್ತೀನಿ. ಆದರೆ ನಿಜ ಹೇಳಲಾ, ಆ ದನಿ ನನಗೆ ಇನ್ನೊಂದು ಸಲ ಕೇಳಬೇಕು. ಆ ಹೊತ್ತಿಗೆ ಅಮ್ಮನನ್ನು ಏನಾದರೂ ನೆಪ ಹೇಳಿ ಮಹಡಿಗೆ ಕಳಿಸಿ, ಬಾಗಿಲು ಹಾಕಿಕೊಂಡು