ಕೆಂಪು ಕೊನೆಗೂ ಬಿಳಿಗೆ ಇಳಿಯಲಿಲ್ಲ

ಇವತ್ತು ಡಿಸೆಂಬರ್ 26. ಮಗಳು ನಿನ್ನೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದಳು. ಮಗ ನಾಳಿದ್ದು ದುಬೈಗೆ ಹೊರಡುತ್ತಾನೆ. ಊಟದ ಮೇಜಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ಹನ್ನೊಂದು ಕುಕ್ಕಿ ಉಳಿದಿವೆ. ಬೆಳಿಗ್ಗೆ ಎದ್ದ ಕೂಡಲೇ ಮುಚ್ಚಳ ತೆಗೆದು ನೋಡಿದೆ. ಸಾಂತಾ ಟೊಪ್ಪಿಯ ಆಕಾರದ ಕುಕ್ಕಿಯಲ್ಲಿ ಐಸಿಂಗಿನ ಕೆಂಪು ಕೆಂಪಾಗಿಯೇ ಇದೆ. ಅದರ ಅಂಚಿನ ಬಿಳಿ ಬಿಳಿಯಾಗಿಯೇ ಇದೆ. ಮೂರು ದಿನ ಕಳೆದರೂ ಒಂದು ಕೂದಲೆಳೆಯಷ್ಟೂ ಬಣ್ಣ ಹರಿದಿಲ್ಲ. ಐದು ವರ್ಷದಿಂದ ಇದಕ್ಕಾಗಿ ಒದ್ದಾಡಿದ್ದೇನೆ. ಅದಕ್ಕೇ ಮರೆಯುವ ಮೊದಲು ಎಲ್ಲಾ ಬರೆದಿಡುತ್ತಿದ್ದೇನೆ.

ಹಿಟ್ಟು ಕಲಸಿದ್ದು, ಫ್ರಿಜ್ಜಿನಲ್ಲಿಟ್ಟಿದ್ದು, ಲಟ್ಟಿಸಿದ್ದು, ಬೇಯಿಸಿದ್ದು ಬೇಡ. ಅದು ನಿಮಗೆಲ್ಲಾ ಗೊತ್ತಿರುವುದೇ. ಕುಕ್ಕಿಯ ಮೇಲೆ ಒಣಗಿ ಗಟ್ಟಿಯಾಗುವ ಸಕ್ಕರೆ ಲೇಪ, ಅಂದರೆ ರಾಯಲ್ ಐಸಿಂಗ್‌ನ ಅಳತೆಯೂ ಹಳೆಯದೇ: 500 ಗ್ರಾಂ ಐಸಿಂಗ್ ಸಕ್ಕರೆ, 35 ಗ್ರಾಂ ಮೆರಾಂಗ್ ಪುಡಿ (ಒಣಗಿಸಿದ ಮೊಟ್ಟೆಯ ಬಿಳಿಯಿಂದ ಮಾಡಿದ್ದು), 80 ಎಂಎಲ್ ನೀರು. ತೊಂದರೆ ಇದ್ದದ್ದು ಅದರ ಮುಂದೆ.

ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಡುಗೆಗೆ ಎರಡು ಪಾಲು. ಕುಸ್ವಾರ್, ಅಂದರೆ ಕ್ರಿಸ್‌ಮಸ್ಸಿಗೆ ಮಾಡಿ ಹಂಚುವ ತಿಂಡಿಗಳು, ಪೂರ್ತಿ ಹೆಂಡತಿಯದು. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ, ಇದರಲ್ಲಿ ನಾನು ಕೈ ಹಾಕುವ ಹಾಗಿಲ್ಲ. ಐಸಿಂಗ್ ಕುಕ್ಕಿ ಮಾತ್ರ ನನ್ನದು ಮತ್ತು ಮಕ್ಕಳದು. ಮಗಳಿಗೆ ಆರು, ಮಗನಿಗೆ ಮೂರು ವರ್ಷ ಇದ್ದಾಗ ಶುರು ಮಾಡಿದ್ದು. ಆಗ ಮೊಟ್ಟೆಯ ಬಿಳಿಗೆ ಸಕ್ಕರೆ, ಎರಡು ಹನಿ ಲಿಂಬೆರಸ ಹಾಕಿ ಕಡೆದು, ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅದರಲ್ಲೇ ಹಿಂಡುತ್ತಿದ್ದೆವು. ಬಣ್ಣ ಹರಿಯುತ್ತಿತ್ತೋ ಇಲ್ಲವೋ, ಯಾರು ನೋಡಿದರು? ಸಂಜೆಯೊಳಗೆ ಕುಕ್ಕಿಯೇ ಇರುತ್ತಿರಲಿಲ್ಲ.

ಈಗ ಮಗಳಿಗೆ ಇಪ್ಪತ್ತೊಂಬತ್ತು, ಮಗನಿಗೆ ಇಪ್ಪತ್ತಾರು. ಇಬ್ಬರ ಕೈಯೂ ಪಳಗಿದೆ. ಮಗಳು ಐಸಿಂಗ್ ಹಿಂಡುವ ಸಣ್ಣ ತೂತಿನ ಒಂದನೇ ನಂಬರ್ ನಾಝಲ್‌ನಲ್ಲಿ ನಕ್ಷತ್ರದ ಮೇಲೆ ಲೇಸ್ ಹಾಕುವುದನ್ನು ಬೇರೆ ಕೆಲಸ ಬಿಟ್ಟು ನೋಡಬೇಕು. ಮಗನಿಗೆ ಮೊದಲಿನಿಂದಲೂ ಎತ್ತು. ಬಂದರಿನ ಒಬ್ಬ ತಗಡಿನ ಕೆಲಸದವರ ಹತ್ತಿರ ಹಳೇ ಬಿಸ್ಕತ್ತು ಡಬ್ಬಿಯ ತಗಡಿನಿಂದ ಮಾಡಿಸಿದ ಅಚ್ಚು ಅದು. ಹಿಂದಿನ ಎಡಗಾಲು ಒಳಗೆ ಬಗ್ಗಿದೆ. ಹಾಗಾಗಿ ನಮ್ಮ ಮನೆಯ ಎತ್ತುಗಳೆಲ್ಲಾ ಸ್ವಲ್ಪ ಕುಂಟುತ್ತವೆ. ಸರಿ ಮಾಡಿಸೋಣ ಎಂದರೆ ಮಗ ಕೇಳುವುದಿಲ್ಲ. ಗೋದಲಿಯ ಹತ್ತಿರ ಮಲಗುವ ಎತ್ತು ತಾನೇ, ನಡೆಯಬೇಕಾಗಿಲ್ಲ ಎನ್ನುತ್ತಾನೆ.

ಕೈ ಪಳಗಿದ ಮೇಲೆ ತಪ್ಪು ಕಣ್ಣಿಗೆ ಬೀಳುತ್ತದೆ, ಅಲ್ವಾ? ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದ ಟೊಪ್ಪಿಗಳ ಬಿಳಿ ಅಂಚು ಬೆಳಿಗ್ಗೆ ನೋಡಿದರೆ ಗುಲಾಬಿಯಾಗಿರುತ್ತಿತ್ತು. ಒಂದೆರಡಲ್ಲ, ಪೂರ್ತಿ ಟ್ರೇ. ಕೆಂಪು ಮುಟ್ಟಿದ ಕಡೆಯಿಂದ ಬೇರು ಬಿಟ್ಟ ಹಾಗೆ ಬಿಳಿಯೊಳಗೆ ಎಳೆ ಎಳೆಯಾಗಿ ಇಳಿದಿರುತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಅದನ್ನು ನೋಡಿ ಏನೂ ಹೇಳದೆ ಎದ್ದು ಹೋದಳು. ಆ ವರ್ಷ ಅವಳಿಗೆ ಸಿಕ್ಕಿದ್ದೇ ಮೂರು ದಿನ ರಜೆ. ಅದರಲ್ಲಿ ಒಂದು ದಿನ ಪೂರ್ತಿ ಆ ಟ್ರೇಗೆ ಹೋಗಿತ್ತು. ನನಗೆ ಆ ಬೆಳಿಗ್ಗೆ ಇನ್ನೂ ನೆನಪಿದೆ.

ಆ ವರ್ಷ ನಾನು ಮಾಡಿದ್ದು ಓವನ್ ಉಪಾಯ. ಬೇಗ ಒಣಗಿದರೆ ಹರಿಯುವುದಿಲ್ಲ ಎಂದುಕೊಂಡು ಓವನ್ನನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು, ಬಾಗಿಲು ಅರ್ಧ ತೆರೆದು, ಇಪ್ಪತ್ತು ನಿಮಿಷ ಇಟ್ಟೆ. ಬಣ್ಣ ಕಡಿಮೆ ಹರಿಯಿತು, ನಿಜ. ಆದರೆ ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲಾ ಕರಗುತ್ತದೆ. ಕುಕ್ಕಿಯೊಳಗಿನ ಬೆಣ್ಣೆ ಮೇಲೆದ್ದು ಬಿಳಿ ಐಸಿಂಗಿನ ತುಂಬಾ ಹಳದಿ ಕಲೆ. ಬೋಂಡಾ ಕಟ್ಟಿದ ಕಾಗದದ ಹಾಗೆ. ಕಳೆದ ವರ್ಷ ಟೇಬಲ್ ಫ್ಯಾನ್ ಇಟ್ಟೆವು. ಮೇಲೆ ಪದರ ಕಟ್ಟಿತು, ಹೊಳಪೂ ಬಂತು. ಆದರೆ ಮಧ್ಯರಾತ್ರಿಯ ಪೂಜೆಗೆ ಹೋಗಿ ಬರುವಷ್ಟರಲ್ಲಿ ಅಂಚೆಲ್ಲಾ ಮತ್ತೆ ಗುಲಾಬಿ.

ಮಧ್ಯದಲ್ಲಿ ಸಾಮಾನಿನವರ ವಿಷಯ ಹೇಳಿಬಿಡುತ್ತೇನೆ. ಈ ಸಲ ತರಿಸಿದ ಮೆರಾಂಗ್ ಪುಡಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಬಂತು. ಅವಧಿ ಮುಗಿಯಲು ಐದು ವಾರ ಬಾಕಿ. ಫೋಟೊ ಕಳಿಸಿದರೆ "ಸರ್, ಕುಟ್ಟಿ ಉಪಯೋಗಿಸಿ" ಎಂದು ಉತ್ತರ. ಆ ಬೆಲೆಗೆ ಒಂದು ಕೋಳಿ ತಂದು ಸಾಕಬಹುದಿತ್ತು ಎಂದಳು ಹೆಂಡತಿ. ಐಸಿಂಗ್ ಸಕ್ಕರೆಯದು ಬೇರೆಯೇ ಗೋಳು. ಪ್ಯಾಕೆಟ್ ಮೇಲೆ ನುಣುಪು ಎಂದು ಬರೆದಿರುತ್ತದೆ, ಒಳಗೆ ರವೆಯಂಥ ಕಾಳು. ಎರಡನೇ ನಂಬರ್ ನಾಝಲ್ ಹೇಗೋ ಸುಧಾರಿಸುತ್ತದೆ. ಒಂದನೇ ನಂಬರ್ ಕಟ್ಟಿಕೊಂಡರೆ ಲೇಸ್ ಅರ್ಧಕ್ಕೇ ತುಂಡು. ಕೊನೆಗೆ ಹಳೇ ಮಲ್ ಪಂಚೆಯ ತುಂಡಿನಲ್ಲಿ ಎರಡು ಸಲ ಸೋಸಿದೆ. ಅರ್ಧ ಕೆಜಿ ಸೋಸಲು ಮುಕ್ಕಾಲು ಗಂಟೆ. ದುಡ್ಡು ಕೊಟ್ಟು ತರುವ ಸಕ್ಕರೆಯಲ್ಲಿ ಈ ಕೆಲಸ ಉಳಿಸಿಡಬಾರದು.

ಈಗ ಮುಖ್ಯ ವಿಷಯ. ಮಗ ಕೆಲಸ ಮಾಡುವುದು ಔಷಧಿ ಗೋದಾಮಿನಲ್ಲಿ. ಅಲ್ಲಿ ದಿನಾ ತೇವಾಂಶ ನೋಡಿ ಬರೆದಿಡುತ್ತಾರೆ. 20ಕ್ಕೆ ಬಂದವನೇ ಬ್ಯಾಗಿನಿಂದ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಮೀಟರ್ ತೆಗೆದು ಅಡುಗೆಮನೆಯಲ್ಲಿಟ್ಟ. ಒಂದು ಒಲೆಯಲ್ಲಿ ಹೆಂಡತಿ ರೋಸ್ ಕುಕ್ಕಿ ಕರಿಯುತ್ತಿದ್ದಳು, ಇನ್ನೊಂದರಲ್ಲಿ ಕುಚ್ಚಲಕ್ಕಿ ಅನ್ನ ಕುದಿಯುತ್ತಿತ್ತು. ಮೀಟರ್ ತೇವಾಂಶ ಶೇಕಡಾ 81 ತೋರಿಸಿತು. ರಾತ್ರಿ ಹತ್ತಕ್ಕೆ ಊಟದ ಮನೆಯಲ್ಲಿ 74. ನಮ್ಮ ಮಲಗುವ ಕೋಣೆಯಲ್ಲಿ ಎಸಿ ಹಾಕಿ, ಬಾಗಿಲು ಮುಚ್ಚಿ, ಒಂದು ಗಂಟೆ ಬಿಟ್ಟು ನೋಡಿದರೆ 49.

"ಅಪ್ಪಾ, ನೀವು ಇಷ್ಟು ವರ್ಷ ಹಬೆಯಲ್ಲಿ ಒಣಗಿಸಿದ್ದೀರಿ" ಎಂದ.

ಫ್ಯಾನ್ ಇಟ್ಟಾಗ ನಾವು ಮಾಡಿದ್ದೂ ಅದೇ. ತೇವದ ಗಾಳಿಯನ್ನೇ ತೆಗೆದು ಕುಕ್ಕಿಯ ಮೇಲೆ ಬೀಸಿದ್ದು. ಮೇಲಿನ ಪದರ ಒಣಗಿದರೂ ಕೆಳಗೆ ಹಸಿ ಉಳಿಯುತ್ತದೆ. ಆ ಹಸಿಯಲ್ಲೇ ಬಣ್ಣ ಈಜಿಕೊಂಡು ಬಿಳಿಯ ಕಡೆ ಹೋಗುತ್ತದೆ.

ಆದರೆ ಮಗಳು ಅಷ್ಟಕ್ಕೆ ಒಪ್ಪಲಿಲ್ಲ. ಹಸಿರೂ ಅದೇ ಅಡುಗೆಮನೆಯಲ್ಲೇ ಒಣಗುತ್ತದೆ, ಅದು ಯಾಕೆ ಇಷ್ಟು ಹರಿಯುವುದಿಲ್ಲ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಎಲೆಯ ಹಸಿರಿಗೆ ನಾಲ್ಕು ಹನಿ ಬಣ್ಣ ಸಾಕು. ಗಾಢ ಕೆಂಪಿಗೆ ಮಾತ್ರ ಹಾಕಿದಷ್ಟೂ ಗುಲಾಬಿಯೇ. 150 ಗ್ರಾಂ ಐಸಿಂಗಿಗೆ ನಾನು ಒಂದು ಟೀ ಚಮಚ ತುಂಬಾ ಜೆಲ್ ಬಣ್ಣ ಹಾಕುತ್ತಿದ್ದೆ. ಜೆಲ್ ಅಂದರೆ ಬರೀ ಬಣ್ಣ ಅಲ್ಲ. ಅದರಲ್ಲಿ ಗ್ಲಿಸರಿನ್‌ನಂಥ ವಸ್ತು ಇರುತ್ತದೆ. ಗ್ಲಿಸರಿನ್ ನೀರು ಬಿಡುವುದಿಲ್ಲ, ಮೇಲಾಗಿ ಗಾಳಿಯಿಂದಲೂ ಎಳೆದುಕೊಳ್ಳುತ್ತದೆ. ಅಂದರೆ ಕೆಂಪು ಐಸಿಂಗ್ ಒಣಗಬಾರದೆಂದು ನಾನೇ ಏರ್ಪಾಡು ಮಾಡಿದ ಹಾಗಾಯ್ತು.

21ರ ರಾತ್ರಿ ಅರ್ಧ ಚಮಚ ಜೆಲ್ ಮಾತ್ರ ಹಾಕಿ ಒಂದು ಬಟ್ಟಲು ಕಲಸಿದೆವು. ಆಗ ಅದು ದಾಸವಾಳದ ಬಣ್ಣವೂ ಅಲ್ಲ, ಕಲ್ಲಂಗಡಿಯ ಬಣ್ಣ. ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ತಟ್ಟೆ ಮುಚ್ಚಿಟ್ಟೆವು. ಬೆಳಿಗ್ಗೆ ನೋಡಿದರೆ ಒಂದು ಹನಿಯೂ ಹೆಚ್ಚಿಗೆ ಹಾಕದೆ ಎರಡು ಪಟ್ಟು ಗಾಢವಾಗಿತ್ತು. ಬಣ್ಣ ಪೂರ್ತಿ ಬಿಚ್ಚಿಕೊಳ್ಳಲು ಹೊತ್ತು ಬೇಕು ಎಂದು ಓದಿದ್ದೆ. ಇಷ್ಟು ಬದಲಾಗುತ್ತದೆ ಎಂದು ಕಣ್ಣಾರೆ ನೋಡಿದ್ದು ಈಗಲೇ.

22ಕ್ಕೆ ಪರೀಕ್ಷೆ. ಎಂಟು ಟೊಪ್ಪಿ. ನಾಲ್ಕಕ್ಕೆ ಹಳೇ ಲೆಕ್ಕದ ಕೆಂಪು, ನಾಲ್ಕಕ್ಕೆ ರಾತ್ರಿಯಿಡೀ ಇಟ್ಟ ಕೆಂಪು. ಪ್ರತಿಯೊಂದರಲ್ಲೂ ಎರಡು ಅಡುಗೆಮನೆಗೆ, ಎರಡು ಎಸಿ ಕೋಣೆಗೆ. ಮಗ ಹಿಂಭಾಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದ, ಗೋದಾಮಿನಲ್ಲಿ ಮಾಡುವ ಹಾಗೆಯೇ ಚೀಟಿಯನ್ನೂ ಬರೆದ. ಬೆಳಿಗ್ಗೆ ಆರಕ್ಕೆ ಮೂವರೂ ಹಲ್ಲೂ ಉಜ್ಜದೆ ಟ್ರೇ ಮುಂದೆ ನಿಂತಿದ್ದೆವು. ಅಡುಗೆಮನೆಯ ಹಳೇ ಕೆಂಪು ಸ್ಕೇಲಿನಲ್ಲಿ ಅಳೆದರೆ ಮೂರು ಮಿಲಿಮೀಟರ್ ಹರಿದಿತ್ತು. ಅಲ್ಲೇ ಇದ್ದ ಹೊಸ ಕೆಂಪು ಒಂದು ತೆಳು ಗೆರೆ ಬಿಟ್ಟಿತ್ತು. ಎಸಿ ಕೋಣೆಯ ಹಳೇ ಕೆಂಪಿನದ್ದೂ ಹೆಚ್ಚುಕಡಿಮೆ ಅಷ್ಟೇ. ಹೊಸ ಕೆಂಪು, ಎಸಿ ಕೋಣೆ, ಎರಡೂ ಸೇರಿದ ಜೋಡಿಯಲ್ಲಿ ಏನೂ ಇಲ್ಲ. ಮಗಳು ಭೂತಗನ್ನಡಿ ತಂದು ನೋಡಿದಳು. ಕೆಂಪು ಮುಗಿಯುವ ಕಡೆ ಬಿಳಿ ಶುರುವಾಗಿತ್ತು, ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಒಂದು ಅಂಚು. ಅವಳು ಒಂದು ಕೂಗು ಹಾಕಿದಳು, ಪಕ್ಕದ ಮನೆಯ ನಾಯಿ ಬೊಗಳಿತು.

23ಕ್ಕೆ ಅಸಲಿ ಕೆಲಸ. ಕಳೆದ ವರ್ಷಗಳಲ್ಲಿ ಕೆಂಪು ಬಿಳಿ ಎರಡನ್ನೂ ಇಪ್ಪತ್ತು ನಿಮಿಷದ ಅಂತರದಲ್ಲಿ ತುಂಬುತ್ತಿದ್ದೆವು. ಈ ಸಲ ಬೆಳಿಗ್ಗೆ ಬಿಳಿ ಮಾತ್ರ. ಎಸಿ ಕೋಣೆಯಲ್ಲಿ ಮಂಚದ ಮೇಲೆ ಹಲಗೆ ಇಟ್ಟು, ಟ್ರೇ ಜೋಡಿಸಿ, ಫ್ಯಾನ್ ಹಾಕಿ ಆರು ಗಂಟೆ ಬಿಟ್ಟೆವು. ಸಂಜೆ ಕೆಂಪು. ಚಾಕುವಿನಿಂದ ಎಳೆದ ಗೆರೆ ಹದಿನೈದು ಎಣಿಸುವಷ್ಟರಲ್ಲಿ ಮಾಯವಾಗುವ ಹದಕ್ಕಿಂತ ಸ್ವಲ್ಪ ಗಟ್ಟಿ, ಇಪ್ಪತ್ತರ ಹದ. ನೀರು ಕಡಿಮೆಯಾದಷ್ಟೂ ಒಳ್ಳೆಯದು. ಇಪ್ಪತ್ತೈದರ ಹದ ಮಾಡಬೇಡಿ. ಮಗನ ಎರಡು ಎತ್ತುಗಳ ಕೆಂಪು ಜೂಲು ಉಬ್ಬುತಗ್ಗಾಗಿ ನಿಂತಿತು.

ಹೆಂಡತಿ ಮತ್ತು ನಾನು ಎರಡು ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿದೆವು. ಕುಕ್ಕಿಗಳಿಗೆ ಎಸಿ, ನಮಗೆ ಸೊಳ್ಳೆ ಎಂದು ಅವಳು ನಕ್ಕಳು. 24ರ ಬೆಳಿಗ್ಗೆ ಮೊದಲು ಎದ್ದು ಟ್ರೇ ನೋಡಿ ಬಂದವಳೂ ಅವಳೇ. ಈ ವರ್ಷ ನೆರೆಮನೆಗಳಿಗೆ ಕೊಟ್ಟ ಕುಸ್ವಾರ್ ತಟ್ಟೆಯಲ್ಲಿ ನೆವ್ರಿಯ ಪಕ್ಕ ಒಂದೊಂದು ಟೊಪ್ಪಿ ಇಟ್ಟಳು. ಇಷ್ಟು ವರ್ಷದಲ್ಲಿ ನಮ್ಮ ಕುಕ್ಕಿ ಆ ತಟ್ಟೆ ಹತ್ತಿದ್ದು ಇದೇ ಮೊದಲು. ನನಗೆ ಆದ ಸಂತೋಷ ಇಲ್ಲಿ ಬರೆದು ಮುಗಿಯುವಂಥದ್ದಲ್ಲ.

ನಿನ್ನೆ ಊಟ ಆದ ಮೇಲೆ ಮಗಳು ಮುಂದಿನ ವರ್ಷದ್ದು ತೆಗೆದಳು. ಜಿಂಜರ್‌ಬ್ರೆಡ್ಡಿನ ಮನೆ ಎಲ್ಲರೂ ಮಾಡುತ್ತಾರೆ, ಚಾಕಲೇಟಿನ ಚಿಮಣಿ ಇಟ್ಟು. ನಾವು ಗೋದಲಿಯನ್ನೇ ಮಾಡೋಣ, ಮೇಲೆ ಮಂಗಳೂರು ಹೆಂಚಿನ ಮಾಡು ಹಾಕೋಣ ಎಂದಳು. ನನಗೆ ಆಮೇಲೆ ನಿದ್ದೆಯೇ ಬರಲಿಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಊರು ಇದು. ನನ್ನ ಅಜ್ಜ ಹೆಂಚಿನ ಕಾರ್ಖಾನೆಯಲ್ಲಿ ಅಚ್ಚು ಒತ್ತಿದವರು. ಹಾಗಿರುವಾಗ ಮಾಡಿಗೆ ಸುಮ್ನೆ ಗೆರೆ ಎಳೆದು ಹೆಂಚು ಎನ್ನಲು ಮನಸ್ಸು ಒಪ್ಪುವುದಿಲ್ಲ. ಒಂದೊಂದು ಹೆಂಚೂ ಬೇರೆ ಬೇರೆ ಬೇಯಬೇಕು. ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ, ಅಂದರೆ ಕೊರೆದ ಸಾಲಿನಲ್ಲಿ, ಕೂರಬೇಕು. ಎರಡು ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ ಎಂದು ಲೆಕ್ಕ ಹಾಕಿದರೆ ಎರಡೂ ಇಳಿಜಾರಿಗೆ ಸೇರಿ ಸುಮಾರು 190 ಹೆಂಚು. ಬೆಲ್ಲ, ಶುಂಠಿ, ದಾಲ್ಚಿನ್ನಿ ಹಾಕಿದ ಹಿಟ್ಟಿಗೆ ಬೆಂದ ಮಣ್ಣಿನ ಬಣ್ಣ ತಾನಾಗಿಯೇ ಬರುತ್ತದೆ. ಕೆಂಪು ಜೆಲ್ ಬೇಕಾಗುವುದೇ ಇಲ್ಲ.

ತಲೆ ತಿನ್ನುತ್ತಿರುವುದು ಗಾಡಿ. ಬೇಯುವಾಗ ಹಿಟ್ಟು ಉಬ್ಬಿದರೆ ಗಾಡಿ ಮುಚ್ಚಿಹೋಗುತ್ತದೆ. ಸೋಡಾ ಬಿಟ್ಟು ಮಾಡಬೇಕು. ಅಚ್ಚಿಗೆ ಬಂದರಿನ ಆ ತಗಡಿನವರನ್ನು ಹುಡುಕಿಕೊಂಡು ಹೋಗಿದ್ದೆವು, ಅಂಗಡಿ ಈಗ ಇಲ್ಲ. ಮಗ ಅವನ ಹಳೇ ಜಾಮಿಟ್ರಿ ಡಬ್ಬಿಯ ಮುಚ್ಚಳ ಕತ್ತರಿಸಿ ಒಂದು ಅಚ್ಚು ಬಗ್ಗಿಸಿಕೊಟ್ಟಿದ್ದಾನೆ. ನಾಳೆ ಬೆಳಿಗ್ಗೆ, ಅವನು ಬ್ಯಾಗ್ ಕಟ್ಟುವ ಮೊದಲು, ಹತ್ತು ಹೆಂಚು ಬೇಯಿಸಿ ನೋಡುತ್ತೇವೆ. ಮೀಟರನ್ನು ಅವನು ಇಲ್ಲೇ ಬಿಟ್ಟು ಹೋಗುತ್ತಾನಂತೆ. ಈಗ ಅಡುಗೆಮನೆಯಲ್ಲಿ 69.