ಅಗ್ಗದ ಇಯರ್‌ಫೋನಿನಲ್ಲೂ ಮಂದ್ರ ಷಡ್ಜ ಕೇಳಬೇಕು

ಐನೂರು ರೂಪಾಯಿಯೊಳಗಿನ ಇಯರ್‌ಫೋನಿನಲ್ಲೂ ತಂಬೂರಿಯ ಮಂದ್ರ ತಂತಿ, ಅಂದರೆ ತಗ್ಗಿನ ಷಡ್ಜ (‘ಸ’ ಸ್ವರ) ನುಡಿಯುವ ತಂತಿ, ತುಂಬಿಕೊಂಡು ಕೇಳುತ್ತದೆ. ಕೇಳದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದರ ತುದಿಗಿರುವ ರಬ್ಬರನ್ನು. ಇಯರ್‌ಫೋನಿನ ವಿಚಾರ ಆಮೇಲೆ.

ನಾನು ಹಾಸನದಿಂದ ಬೇಲೂರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ವಿಜ್ಞಾನ ಶಿಕ್ಷಕಿ. ಚಿಕ್ಕಂದಿನಲ್ಲಿ ವೀಣೆ ಕಲಿತವಳು. ಈಗ ನುಡಿಸಲು ಬಿಡುವಿಲ್ಲ, ಕೇಳುವುದಕ್ಕೆ ಸಿಗುವುದು ಈ ಬಸ್ಸಿನ ಹೊತ್ತು ಮಾತ್ರ. ಆದ್ದರಿಂದ ಬಸ್ಸಿನಲ್ಲಿ ಸಂಗೀತ ಚೆನ್ನಾಗಿ ಕೇಳಿಸುವುದು ನನಗೆ ದೊಡ್ಡ ವಿಷಯ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಟ್ಟು ಮುಂದೆ ಹೋಗುತ್ತಲೇ ಹಾಕಿಕೊಂಡರೆ ಹಗರೆ ದಾಟುವಷ್ಟರಲ್ಲಿ ಒಂದು ರಾಗ ನೆಮ್ಮದಿಯಾಗಿ ಕೇಳಿ ಮುಗಿದಿರುತ್ತದೆ.

ಇತ್ತೀಚೆಗೆ ನಮ್ಮ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ತಮ್ಮ ಹೊಸ ಇಯರ್‌ಫೋನನ್ನು ತಂದು ನನ್ನ ಮೇಜಿನ ಮೇಲಿಟ್ಟರು. “ಮೇಡಂ, ಇದರಲ್ಲಿ ಬರೀ ಚೀರಾಟ. ಎರಡು ಸಾವಿರದ್ದು ತೆಗೆದುಕೊಂಡರೆ ಸರಿಹೋಗಬಹುದೇ?”

“ಒಮ್ಮೆ ಹಾಕಿಕೊಂಡು ತೋರಿಸಿ ಸರ್,” ಎಂದೆ.

ಹಾಕಿಕೊಂಡ ರೀತಿ ನೋಡಿದೊಡನೆ ಗೊತ್ತಾಯಿತು. ಅದು ಕಿವಿಯ ಬಾಯಲ್ಲಿ ತೂಗುತ್ತಿತ್ತು, ಒಳಗೆ ಕೂತಿರಲಿಲ್ಲ. ಡಬ್ಬಿಯಲ್ಲಿ ಬಂದಿದ್ದ ಇನ್ನೆರಡು ಜೊತೆ ರಬ್ಬರುಗಳ ಪೊಟ್ಟಣ ಒಡೆಯದೆ ಹಾಗೇ ಇತ್ತು. ಅದರಲ್ಲಿ ದೊಡ್ಡದನ್ನು ಹಾಕಿಕೊಟ್ಟೆ. ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಲು ಹೇಳಿದೆ. ಕಿವಿಯ ನಾಳ ತುಸು ಡೊಂಕಾಗಿರುತ್ತದೆ, ಹಾಗೆ ಎಳೆದರೆ ನೆಟ್ಟಗಾಗುತ್ತದೆ. ಆಗ ಬಲಗೈಯಿಂದ ಇಯರ್‌ಫೋನನ್ನು ಮೆಲ್ಲನೆ ತಿರುಗಿಸುತ್ತಾ ಕೂರಿಸಿ, ಕಿವಿಯನ್ನು ಬಿಟ್ಟುಬಿಡಬೇಕು. ಎರಡೂ ಕಡೆ ಹೀಗೆ ಕೂರಿಸುತ್ತಲೇ ಸ್ಟಾಫ್ ರೂಮಿನ ಗದ್ದಲ ಅವರಿಗೆ ದೂರ ಸರಿಯಿತು. ಹಾಡು ಹಾಕಿದೆ. ಅವರು ಇಯರ್‌ಫೋನನ್ನು ಕಿತ್ತು ಕೈಯಲ್ಲಿ ಹಿಡಿದು, “ಇದು ನನ್ನದೇ ತಾನೆ?” ಎಂದು ಕೇಳಿದರು.

ಕಾರಣ ಸರಳ. ಇಯರ್‌ಫೋನಿನೊಳಗಿನ ತೆಳು ಪೊರೆಗೂ ಕಿವಿತಮಟೆಗೂ ನಡುವೆ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. ಪೊರೆ ಅಲುಗಿದಂತೆ ಆ ಗಾಳಿಯ ಒತ್ತಡ ಏರಿಳಿಯುತ್ತದೆ, ನಾವು ಕೇಳುವುದು ಆ ಏರಿಳಿತವನ್ನು. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳನ್ನು ಸಡಿಲವಾಗಿ ಇಟ್ಟು ನೋಡಿ: ಹಿಡಿಯನ್ನು ರಭಸದಿಂದ ತಳ್ಳಿದರೆ ಗಾಳಿ ಬೆರಳಿಗೆ ಒತ್ತುತ್ತದೆ, ನಿಧಾನವಾಗಿ ತಳ್ಳಿದರೆ ಸಂದಿಯಲ್ಲಿ ನುಸುಳಿ ಹೋಗುತ್ತದೆ. ತಗ್ಗಿನ ಸ್ವರವೆಂದರೆ ನಿಧಾನದ ಅಲುಗಾಟ. ರಬ್ಬರಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಮೊದಲು ಸೋರುವುದು ಅದೇ. ಮೇಲಿನ ಸ್ವರಗಳು ಹಾಗೇ ಉಳಿಯುತ್ತವೆ. ದೈಹಿಕ ಶಿಕ್ಷಕರ ಚೀರಾಟ ಅಲ್ಲಿಂದ ಬಂದದ್ದು.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ನಾನು ಬಳಸುವುದು ಮೊಬೈಲಿನ ತಂಬೂರಿ ಆಪ್. ಸಿ ಶ್ರುತಿ ಇಟ್ಟರೆ ಮಧ್ಯ ಷಡ್ಜ ಸುಮಾರು 130 ಹರ್ಟ್ಸ್ (ಸೆಕೆಂಡಿಗೆ 130 ಕಂಪನ), ಕೊನೆಯ ತಂತಿಯ ಮಂದ್ರ ಷಡ್ಜ ಅದರ ಅರ್ಧ, 65. ಇಲ್ಲೊಂದು ಸೂಕ್ಷ್ಮವಿದೆ. ಆ 65 ಪೂರ್ತಿ ಸೋರಿಹೋದರೂ ಆ ತಂತಿಯಿಂದಲೇ ಹೊಮ್ಮುವ 130, 195, 260ರ ಉಪಸ್ವರಗಳು ಉಳಿದಿರುವುದರಿಂದ ನಮ್ಮ ಮಿದುಳು ಮಂದ್ರ ಷಡ್ಜವನ್ನು ತಾನೇ ಕಟ್ಟಿಕೊಳ್ಳುತ್ತದೆ. ಸ್ವರ ಯಾವುದೆಂದು ಗೊತ್ತಾಗುತ್ತದೆ, ಅದರ ಮೈ ಮಾತ್ರ ಇರುವುದಿಲ್ಲ. ಎಷ್ಟೋ ಜನ ಈ ಮೈಯಿಲ್ಲದ ತಂಬೂರಿಯನ್ನೇ ತಂಬೂರಿ ಎಂದುಕೊಂಡಿರುತ್ತಾರೆ. ಆದ್ದರಿಂದ ಆಪ್ ನುಡಿಯುತ್ತಿರುವಾಗ ಎರಡೂ ಇಯರ್‌ಫೋನುಗಳನ್ನು ಬೆರಳಿನಿಂದ ಹಗುರವಾಗಿ ಒತ್ತಿ. ಕೊನೆಯ ತಂತಿ ತಟಕ್ಕನೆ ದಪ್ಪವಾಯಿತೇ? ಹಾಗಾದರೆ ಸೋರುತ್ತಿದೆ, ರಬ್ಬರಿನ ಅಳತೆ ಬದಲಿಸಿ. ತಂಬೂರಿ ಒಂದೇ ಪಕ್ಕಕ್ಕೆ ವಾಲಿದಂತೆ ಕೇಳಿದರೆ ಇನ್ನೊಂದು ಪಕ್ಕ ಸೋರುತ್ತಿರುವ ಸಂಭವ ಹೆಚ್ಚು. ಒಬ್ಬರದೇ ಎರಡು ಕಿವಿಗಳು ಒಂದೇ ಅಳತೆಯಲ್ಲಿರಬೇಕೆಂದಿಲ್ಲ. ನನ್ನ ಬಲಗಿವಿಗೆ ಮಧ್ಯಮ, ಎಡಗಿವಿಗೆ ದೊಡ್ಡದು.

ತಂಬೂರಿ ಸರಿಹೋದ ಮೇಲೆ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಕಛೇರಿ ಹಾಕುತ್ತೇನೆ. ಅವರು ನಮ್ಮ ಜಿಲ್ಲೆಯವರು. ಹುಟ್ಟಿದ್ದು 1920ರಲ್ಲಿ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ. ಕಾವೇರಿ ದಡದ ಆ ಊರು ಕೊಟ್ಟ ವಿದ್ವಾಂಸರನ್ನು ನೆನೆದರೆ ಹಾಸನದವಳಾಗಿ ನನಗೆ ಹೆಮ್ಮೆಯಾಗುತ್ತದೆ. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನ ಮಂದಿರವೂ ಅಲ್ಲಿದೆ, ನೋಡದವರು ಒಮ್ಮೆ ಹೋಗಿಬನ್ನಿ. ಶ್ರೀಕಂಠನ್ ಅವರ ಸಾಹಿತ್ಯದ ಉಚ್ಚಾರ ಎಷ್ಟು ಸ್ವಚ್ಛವೆಂದರೆ ಇಯರ್‌ಫೋನಿನ ದೋಷವೆಲ್ಲ ಅದರಲ್ಲಿ ಬಯಲಾಗುತ್ತದೆ. ‘ಸ’, ‘ಶ’ಗಳು ಕಿವಿಗೆ ಚುಚ್ಚಬಾರದು. ಮೃದಂಗದ ಎಡಬದಿಯ ಗುಮ್ಕಿ, ಅಂದರೆ ತಗ್ಗಿನ ಗುಂಯ್ ನಾದ, ಕೊರಳಿನ ಮೇಲೆ ಕವಿಯಬಾರದು, ಕೊರಳಿನ ಕೆಳಗೆ ನಿಲ್ಲಬೇಕು.

ಸಿಲಿಕೋನ್ ರಬ್ಬರಿನಲ್ಲಿ ಯಾವ ಅಳತೆಯೂ ಒಗ್ಗದವರು ಫೋಮಿನ ತುದಿಗಳನ್ನು ನೋಡಬಹುದು. ಬೆರಳ ನಡುವೆ ಹೊಸೆದು ಸಣ್ಣಗೆ ಮಾಡಿ ಕಿವಿಗಿಟ್ಟು, ಅದು ಉಬ್ಬಿ ನಾಳವನ್ನು ತುಂಬುವವರೆಗೆ ಸ್ವಲ್ಪ ಹೊತ್ತು ಹಿಡಿದುಕೊಂಡಿರಬೇಕು. ಬಸ್ಸಿನ ಇಂಜಿನ್ನಿನ ಸದ್ದನ್ನು ಫೋಮು ಚೆನ್ನಾಗಿ ತಡೆಯುತ್ತದೆ, ಮೇಲಿನ ಸ್ವರಗಳ ಹರಿತವನ್ನೂ ತುಸು ಮೊಂಡು ಮಾಡುತ್ತದೆ. ಚುಚ್ಚುವ ಇಯರ್‌ಫೋನಿಗೆ ಅದೂ ಒಳ್ಳೆಯದೇ. ಆದರೆ ಬೇಗ ಕೊಳೆಯಾಗುತ್ತದೆ, ಕೆಲವು ತಿಂಗಳಲ್ಲಿ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಇಲ್ಲಿನ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಗಳಲ್ಲಿ ನಾನು ಕೇಳಿದಾಗ ಫೋಮು ಸಿಗಲಿಲ್ಲ, ಸಿಲಿಕೋನ್ ಮಾತ್ರ ಇತ್ತು. ಆನ್‌ಲೈನ್‌ನಲ್ಲಿ ತರಿಸಿದೆ. ತರಿಸುವವರು ಇಯರ್‌ಫೋನಿನ ಮೂತಿ ಎಷ್ಟು ಮಿಲಿಮೀಟರ್ ದಪ್ಪವಿದೆ ಎಂದು ಮೊದಲೇ ಅಳೆದುಕೊಳ್ಳಿ. ಸಡಿಲವಾದ ತುದಿ ಕಳಚಿ ಕಿವಿಯೊಳಗೇ ಉಳಿದುಬಿಟ್ಟರೆ ಪಿನ್ನು, ಚಿಮಟ ಹಾಕಲು ಹೋಗದೆ ಕಿವಿ ವೈದ್ಯರ ಬಳಿಗೇ ಹೋಗಿ.

ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಒಳ್ಳೆಯ ಶಬ್ದ ಎಂಬ ನಂಬಿಕೆ ಎಲ್ಲರಲ್ಲೂ ಬೇರೂರಿದೆ. 2017ರಲ್ಲಿ ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು ಕಿವಿಯೊಳಗೆ ಇಡುವಂಥವೂ ಸೇರಿ 283 ಹೆಡ್‌ಫೋನುಗಳ ಅಳತೆಗಳನ್ನು ಹೋಲಿಸಿದರು. ಯಾವ ಕಂಪನಾಂಕದಲ್ಲಿ ಎಷ್ಟು ಸದ್ದು ಬರುತ್ತದೆ ಎಂಬುದಕ್ಕೂ ಅಂಗಡಿಯ ಬೆಲೆಗೂ ಅವರಿಗೆ ಸಂಬಂಧ ಕಾಣಲಿಲ್ಲ. ಎಲ್ಲ ಅಗ್ಗದವೂ ಒಳ್ಳೆಯವೇ ಎಂದು ಇದರ ಅರ್ಥವಲ್ಲ. ಬೆಲೆಯ ಚೀಟಿ ನೋಡಿ ಶಬ್ದವನ್ನು ಊಹಿಸಲಾಗದು, ಅಷ್ಟೆ. ತಿಂಗಳ ಸಂಬಳದಲ್ಲಿ ಲೆಕ್ಕ ಹಾಕಿ ಬದುಕುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ?

ಇನ್ನು ಈಕ್ವಲೈಜರ್, ಅಂದರೆ ತಗ್ಗಿನ, ಮೇಲಿನ ಸ್ವರಗಳ ಸದ್ದನ್ನು ಬೇರೆಬೇರೆಯಾಗಿ ಏರಿಳಿಸುವ ಸೌಲಭ್ಯ. ರಬ್ಬರು ಸರಿಯಾಗಿ ಕೂರುವ ಮುಂಚೆ ಅದನ್ನು ಮುಟ್ಟಬೇಡಿ. ರಬ್ಬರಿನ ಸಂದಿ ಸೋರುತ್ತಿರುವಾಗ ಬಾಸ್, ಅಂದರೆ ತಗ್ಗಿನ ಸ್ವರ, ಏರಿಸಿದರೆ ಪೊರೆಗೆ ದಣಿವು, ನಿಮಗೆ ಗೊರಗೊರ ಸದ್ದು. ಅಗ್ಗದ ಇಯರ್‌ಫೋನುಗಳಲ್ಲಿ ನಾನು ಕಂಡ ಸಾಮಾನ್ಯ ದೋಷ ಎರಡು. 100ರಿಂದ 250 ಹರ್ಟ್ಸ್‌ವರೆಗೆ ಊದಿಕೊಂಡು ಗಂಡು ಕೊರಳು ಮಂಕಾಗುವುದು ಒಂದು. 5,000ದಿಂದ 8,000 ಹರ್ಟ್ಸ್‌ ನಡುವೆ ಎಲ್ಲೋ ಒಂದು ಕಡೆ ಚೂಪಾಗಿ ಎದ್ದುನಿಲ್ಲುವುದು ಇನ್ನೊಂದು. ಎರಡಕ್ಕೂ ಮದ್ದು ಇಳಿಸುವುದು. ಸುಮಾರು 200ರಲ್ಲಿ ಮೂರು ಡೆಸಿಬೆಲ್ ತಗ್ಗಿಸಿದರೆ ಕೊರಳು ಮುಂದಕ್ಕೆ ಬರುತ್ತದೆ. ಬೇಕಾದದ್ದನ್ನು ಏರಿಸುವುದಕ್ಕಿಂತ ಬೇಡವಾದದ್ದನ್ನು ಇಳಿಸುವುದೇ ಮೇಲು, ಯಾಕೆಂದರೆ ಏರಿಸಿದಾಗ ಜೋರಾದ ಜಾಗಗಳಲ್ಲಿ ಅಲೆಯ ತಲೆ ಕತ್ತರಿಸಿಹೋಗಿ ಶಬ್ದ ಒಡೆಯುತ್ತದೆ. ಏರಿಸಲೇಬೇಕಾದರೆ ಅಷ್ಟೇ ಡೆಸಿಬೆಲ್ಲನ್ನು ಒಟ್ಟು ಸದ್ದಿನ ಮಟ್ಟ ಹೊಂದಿಸುವ ಪ್ರಿಆಂಪ್‌ನಲ್ಲಿ ಇಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನವರಿಗೆ ವೇವ್‌ಲೆಟ್ ಎಂಬ ಆಪ್ ಇದೆ. ಆಟೋಈಕ್ಯೂ ಎಂಬ ಮುಕ್ತ ಯೋಜನೆಯಲ್ಲಿ ಲೆಕ್ಕ ಹಾಕಿಟ್ಟ ತಿದ್ದುಪಡಿಗಳು ಅದರಲ್ಲಿ ಮಾದರಿಯ ಹೆಸರಿನ ಪ್ರಕಾರ ಸಿಗುತ್ತವೆ. ನಿಮ್ಮದರ ಹೆಸರಿದ್ದರೆ ಅರ್ಧ ಕೆಲಸ ಮುಗಿದಂತೆ.

ಮಳೆಗಾಲ ಬಂತೆಂದರೆ ನಮ್ಮ ಕಡೆ ಇನ್ನೊಂದು ತಾಪತ್ರಯ. ಒಂದು ಪಕ್ಕ ಇದ್ದಕ್ಕಿದ್ದಂತೆ ಸಣ್ಣಗಾಗುತ್ತದೆ, ಜನ ಕೆಟ್ಟಿತೆಂದು ಎಸೆಯುತ್ತಾರೆ. ಎಸೆಯುವ ಮುಂಚೆ ರಬ್ಬರು ಕಳಚಿ ಮೂತಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಶಾಲೆಯ ಭೂತಗನ್ನಡಿಯಲ್ಲಿ ನೋಡಿದ್ದೇನೆ: ಸೂಜಿಮೊನೆಗಿಂತ ಸಣ್ಣ ಕಣ್ಣುಗಳು, ಅರ್ಧಕ್ಕರ್ಧ ಹಳದಿ ಗುಗ್ಗೆ ಮೆತ್ತಿ ಮುಚ್ಚಿರುತ್ತವೆ, ಉಳಿದವುಗಳ ಮೇಲೆ ತೇವದ ತೆಳು ಹೊಳಪು. ಮೂತಿಯನ್ನು ನೆಲದ ಕಡೆಗೆ ಹಿಡಿದು, ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲನೆ ಉಜ್ಜಬೇಕು. ಮೇಲ್ಮುಖವಾಗಿ ಹಿಡಿದರೆ ಉದುರಿದ್ದೆಲ್ಲ ಒಳಗೇ ಸೇರುತ್ತದೆ. ಸೂಜಿ ಚುಚ್ಚಬಾರದು, ಊದಬಾರದು, ಬಾಯಿಯ ಗಾಳಿಯಲ್ಲಿ ನೀರಿನಂಶವಿದೆ. ರಬ್ಬರನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ರಾತ್ರಿ ಇಯರ್‌ಫೋನನ್ನು ಒಂದು ಮುಚ್ಚಳದ ಡಬ್ಬಿಯಲ್ಲಿ, ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಸರಿಯಾಗಿ ಕೂತ ಇಯರ್‌ಫೋನಿನ ದೊಡ್ಡ ಲಾಭ ವಾಲ್ಯೂಮಿನದು. ಬಸ್ಸಿನ ಸದ್ದು ಒಳಗೆ ಬರುತ್ತಿದ್ದರೆ ಅದನ್ನು ಮೀರಿಸಲು ಏರಿಸುತ್ತಲೇ ಹೋಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ, ಕಿವಿ ಕಳೆದುಕೊಂಡರೆ ಮರಳಿ ಬರುವುದಿಲ್ಲ ಎಂದೂ ಹೇಳುತ್ತೇನೆ. ರಸ್ತೆಯಲ್ಲಿ ನಡೆಯುವಾಗ, ಬೈಕಿನ ಮೇಲೆ, ದಯವಿಟ್ಟು ಬೇಡ.

ವೈರಿರುವ ಇಯರ್‌ಫೋನನ್ನೇ ನಾನು ಬಿಡದಿರಲು ಇನ್ನೊಂದು ಕಾರಣ ಆಕಾಶವಾಣಿ ಹಾಸನ. ಎಫ್‌ಎಂ ಇರುವ ಮೊಬೈಲಿಗೆ ಸಾಮಾನ್ಯವಾಗಿ ಇಯರ್‌ಫೋನಿನ ವೈರೇ ಆಂಟೆನಾ. 100 ಮೆಗಾಹರ್ಟ್ಸ್ ಆಸುಪಾಸಿನ ಅಲೆಯ ಉದ್ದ ಸುಮಾರು ಮೂರು ಮೀಟರ್, ಅದರ ಕಾಲುಭಾಗ 75 ಸೆಂಟಿಮೀಟರ್. ಅಷ್ಟುದ್ದದ ವೈರು ನೇರವಾಗಿ ಇಳಿಬಿದ್ದಿದ್ದರೆ ಸಾಕು. ಸುತ್ತಿ ಜೇಬಿಗೆ ತುರುಕಿದರೆ ಬೇಲೂರು ಹತ್ತಿರವಾದಂತೆ ಗೊರಗೊರ ಶುರುವಾಗುತ್ತದೆ, ಬಿಡಿಸಿ ಮಡಿಲ ಮೇಲಿಂದ ಇಳಿಬಿಟ್ಟರೆ ನಿಲ್ಲುತ್ತದೆ.